ನಾಗಾಲೋಟದ ಹಾದಿ: ಐರನ್ ಮೇಡನ್ ಆಲ್ಬಂಗಳು

ಐರನ್ ಮೇಡನ್ ಆಲ್ಬಂ ಕೇಳುವಾಗ ಕಿವಿ ಮೊದಲು ಹಿಡಿಯುವುದು ಬಾಸ್ ಗಿಟಾರಿನ ಓಟವನ್ನು. ಒಂದು ಗುರು, ಎರಡು ಲಘು. ಮತ್ತೆ ಒಂದು ಗುರು, ಎರಡು ಲಘು. ನಮ್ಮ ಛಂದಸ್ಸಿನ ಲೆಕ್ಕದಲ್ಲಿ ಅದು ಭಗಣ, ಕಿವಿಗೆ ಕುದುರೆಯ ನಾಗಾಲೋಟ. ಪೂರ್ವ ಲಂಡನ್ನಿನ ಬಾಸ್ ವಾದಕ ಸ್ಟೀವ್ ಹ್ಯಾರಿಸ್ 1975ರ ಕ್ರಿಸ್‌ಮಸ್ ದಿನ ಕಟ್ಟಿದ ಈ ಹೆವಿ ಮೆಟಲ್ ತಂಡ 1980ರಿಂದ 2021ರವರೆಗೆ 17 ಸ್ಟುಡಿಯೊ ಆಲ್ಬಂಗಳನ್ನು ತಂದಿತು. ಸಾಲಾಗಿ ಕೇಳುತ್ತಾ ಹೋದಂತೆ ನನಗೆ ಗಟ್ಟಿಯಾದ ನಂಬಿಕೆ ಇದು: ತಂಡದ ಬಲ ಹ್ಯಾರಿಸ್‌ನ ಹಟ, ದೋಷವೂ ಅದೇ. ಆ ಹಟಕ್ಕೆ ಸರಿಸಾಟಿಯಾಗಿ ನಿಲ್ಲುವವರು ಪಕ್ಕದಲ್ಲಿದ್ದಾಗ ದೊಡ್ಡ ಸಂಗೀತ ಹುಟ್ಟಿದೆ.

1980ರ ಮೊದಲ ಆಲ್ಬಂನಲ್ಲಿ ಪಾಲ್ ಡಿಯಾನೊನ ದನಿ ಬೀದಿಯ ಒರಟುತನದ್ದು. ಧ್ವನಿಮುದ್ರಣ ಮಾತ್ರ ತೆಳು. ಹ್ಯಾರಿಸ್‌ಗೂ ಅದು ಹಿಡಿಸಲಿಲ್ಲ. 1981ರ 'ಕಿಲ್ಲರ್ಸ್' ಹೊತ್ತಿಗೆ ನಿರ್ಮಾಪಕ ಮಾರ್ಟಿನ್ ಬರ್ಚ್, ಗಿಟಾರಿಗೆ ಏಡ್ರಿಯನ್ ಸ್ಮಿತ್ ಬಂದರು. ಶಬ್ದಕ್ಕೆ ಮೈ ತುಂಬಿತು.

1981ರಲ್ಲಿ ಡಿಯಾನೊನ ಜಾಗಕ್ಕೆ ಗಾಯಕ ಬ್ರೂಸ್ ಡಿಕಿನ್ಸನ್ ಬಂದ ಮೇಲೆ ಹಾಡಿನ ಎತ್ತರವೇ ಬೇರೆ. 1982ರ 'ದಿ ನಂಬರ್ ಆಫ್ ದಿ ಬೀಸ್ಟ್' ಆಲ್ಬಂನ ಕೊನೆಯ ಹಾಡು 'ಹ್ಯಾಲೋಡ್ ಬಿ ದೈ ನೇಮ್' ಗಲ್ಲಿಗೇರಲಿರುವ ಕೈದಿಯ ಕಡೆಯ ಗಳಿಗೆಯದು. ಗಂಟೆ ಬಾರಿಸುತ್ತದೆ, ಗಿಟಾರು ತಗ್ಗಿ ನಡೆಯುತ್ತದೆ, ದನಿ ಮೆಲ್ಲಗೆ ಏಳುತ್ತದೆ; ಆಮೇಲೆ ಏಳು ನಿಮಿಷ ಮುಗಿಯುವವರೆಗೆ ಬಿಡುಗಡೆಯಿಲ್ಲ. ಅದೇ ಆಲ್ಬಂನ 'ಗ್ಯಾಂಗ್‌ಲ್ಯಾಂಡ್' ಜಾಗ ತುಂಬಿಸಲು ಬಂದಂತಿದೆ. ಮರುವರ್ಷದ 'ಪೀಸ್ ಆಫ್ ಮೈಂಡ್'ನಲ್ಲೂ ಹೀಗೆಯೇ: ಕ್ರಿಮಿಯಾ ಯುದ್ಧದ ಅಶ್ವದಳವನ್ನು ಹಾಡುವ 'ದಿ ಟ್ರೂಪರ್'ನಲ್ಲಿ ಲಯವೇ ಕುದುರೆಯಾದರೆ, 'ಕ್ವೆಸ್ಟ್ ಫಾರ್ ಫೈರ್' ಏದುಸಿರು ಬಿಡುತ್ತದೆ.

1984ರ 'ಪವರ್‌ಸ್ಲೇವ್' ನನ್ನ ಪ್ರಕಾರ ಶಿಖರ. ಕೋಲ್‌ರಿಜ್‌ನ ಹಳೆಯ ನಾವಿಕನ ಕಥನಕವನವನ್ನು ಹ್ಯಾರಿಸ್ 13 ನಿಮಿಷ ಮೀರಿದ ಹಾಡಾಗಿಸಿದ. ನಡುವೆ ವಾದ್ಯಗಳೆಲ್ಲ ತಗ್ಗಿ, ಗಾಳಿಯಿಲ್ಲದ ಕಡಲಲ್ಲಿ ನಿಂತ ಹಡಗಿನ ಮರ ಕಿರುಗುಟ್ಟುವ ಸದ್ದು ಕೇಳುತ್ತದೆ. ಬಾಸ್ ಒಂಟಿಯಾಗಿ ಮಿಡಿಯುತ್ತದೆ. ಆ ಮೌನದಿಂದ ಡಿಕಿನ್ಸನ್‌ನ ಕೂಗು ಮೇಲೇಳುವಾಗ ಹಾಡಿನ ಉದ್ದಕ್ಕೆ ಅರ್ಥ ಸಿಗುತ್ತದೆ. ಇದೇ ಆಲ್ಬಂನಲ್ಲಿ ಸ್ಮಿತ್ ಮತ್ತು ಡಿಕಿನ್ಸನ್ ಬರೆದ 'ಟೂ ಮಿನಿಟ್ಸ್ ಟು ಮಿಡ್‌ನೈಟ್' ಬಿಗಿಯಾಗಿ ನಿಂತು ತೂಕ ಸರಿಪಡಿಸುತ್ತದೆ.

1986ರಲ್ಲಿ ಗಿಟಾರ್ ಸಿಂಥಸೈಜರ್ ಬಂತು, 1988ರ 'ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್' ಒಂದೇ ಕಥೆಯ ಎಳೆ ಹಿಡಿಯಿತು. ಸ್ಮಿತ್ ಹೊರಟ ಮೇಲೆ, 1990ರ 'ನೋ ಪ್ರೇಯರ್ ಫಾರ್ ದಿ ಡೈಯಿಂಗ್' ಸೊರಗಿತು. 1992ರ ಆಲ್ಬಂನಲ್ಲಿ ಅದರ ಹೆಸರಿನ 'ಫಿಯರ್ ಆಫ್ ದಿ ಡಾರ್ಕ್' ಹಾಡು ಮಾತ್ರ ಅಚ್ಚಳಿಯದೆ ನಿಂತಿದೆ.

ಡಿಕಿನ್ಸನ್ ಬಿಟ್ಟ ಜಾಗಕ್ಕೆ ಬಂದ ಬ್ಲೇಜ್ ಬೇಲಿಯ ಮೇಲೆ ಅಭಿಮಾನಿಗಳು ಹೊರಿಸಿದ ತಪ್ಪು ಅವನ ಪಾಲಿಗಿಂತ ಹೆಚ್ಚು. ಅವನದು ತಗ್ಗಿನ ದನಿ. ಹಾಡುಗಳು ಅದಕ್ಕೆ ಒಗ್ಗಲಿಲ್ಲ. 1995ರ 'ದಿ ಎಕ್ಸ್ ಫ್ಯಾಕ್ಟರ್'ನ 'ಸೈನ್ ಆಫ್ ದಿ ಕ್ರಾಸ್' ಹಾಡನ್ನು ಮುಂದೆ ಡಿಕಿನ್ಸನ್ ವೇದಿಕೆಯಲ್ಲಿ ಹಾಡಿದಾಗ ಅದರ ಸತ್ವ ತಿಳಿಯಿತು. ಆದರೆ 1998ರ 'ದಿ ಏಂಜಲ್ ಅಂಡ್ ದಿ ಗ್ಯಾಂಬ್ಲರ್' ಒಂದೇ ಪಲ್ಲವಿಯನ್ನು ಸಾಕು ಸಾಕಾಗುವಷ್ಟು ಉರುಳಿಸುತ್ತದೆ. ತಡೆಯುವವರಿಲ್ಲದ ಹಟದ ಫಲ ಅದು.

1999ರಲ್ಲಿ ಡಿಕಿನ್ಸನ್, ಸ್ಮಿತ್ ಇಬ್ಬರೂ ಮರಳಿದರು. ಗಿಟಾರು ಮೂರಾದವು. 2000ದ 'ಬ್ರೇವ್ ನ್ಯೂ ವರ್ಲ್ಡ್' ತಂಡಕ್ಕೆ ಮರುಹುಟ್ಟು ಕೊಟ್ಟಿತು. 2006ರ 'ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್' ಯುದ್ಧವನ್ನೇ ಹಾಸುಹೊಕ್ಕಾಗಿಸಿಕೊಂಡಿತು. ಆ ಆಲ್ಬಂನ ಪ್ರವಾಸದಲ್ಲೇ ತಂಡ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದು ನುಡಿಸಿತು. 2015ರಲ್ಲಿ ಡಿಕಿನ್ಸನ್ ಪಿಯಾನೊಗೆ ಕುಳಿತು, 1930ರ ಆರ್101 ವಾಯುನೌಕೆ ದುರಂತವನ್ನು 18 ನಿಮಿಷಗಳ ಹಾಡಾಗಿ ಕಟ್ಟಿದ. 2021ರ 'ಸೆಂಜುಟ್ಸು' ಆಲ್ಬಂನ ಕೊನೆಯ ಮೂರೂ ಹಾಡು ಹ್ಯಾರಿಸ್‌ನವು, ಮೂರೂ ಹತ್ತು ನಿಮಿಷ ದಾಟುತ್ತವೆ. ನಡುವೆ ಕತ್ತರಿ ಬೇಕಿತ್ತು ಅನಿಸುತ್ತದೆ. ಆದರೂ 'ಹೆಲ್ ಆನ್ ಅರ್ತ್' ಮುಗಿಯುವಾಗ ಎದೆ ಭಾರವಾಗದೆ ಇರದು.

ಹೊಸದಾಗಿ ಕೇಳುವವರು 'ಪವರ್‌ಸ್ಲೇವ್'ನಿಂದ ಶುರುಮಾಡಿ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು, ಒಂದು ಸಲವಾದರೂ ಗಿಟಾರು ಬಿಟ್ಟು ಬಾಸ್ ಹಿಂದೆ ಹೋಗಿ.