ಯಕೃತ್ತಿನ ದಾನಿಗೆ ರಕ್ತ ಹೆಪ್ಪುಗಟ್ಟುವಿಕೆಯ ದೋಷವಿದ್ದರೆ

ಯಕೃತ್ತಿನ ಒಂದು ಭಾಗವನ್ನು ತೆಗೆದರೂ ಉಳಿದ ಭಾಗವು ಕೆಲವು ತಿಂಗಳುಗಳಲ್ಲಿ ಬಹುಮಟ್ಟಿಗೆ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ. ಜೀವಂತ ದಾನಿಯಿಂದ ಮಾಡುವ ಕಸಿಗೆ ಈ ಗುಣವೇ ಆಧಾರ. ಭಾರತದಲ್ಲಿ 1998ರಲ್ಲಿ ದೆಹಲಿಯಲ್ಲಿ ತಂದೆಯೊಬ್ಬರು ತಮ್ಮ ಎಳೆಯ ಮಗನಿಗೆ ಹೀಗೆ ದಾನ ಮಾಡಿದರು.

ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳಲ್ಲಿ ಹೆಚ್ಚಿನವು ಯಕೃತ್ತಿನಲ್ಲಿಯೇ ತಯಾರಾಗುತ್ತವೆ. ಹೆಪ್ಪು ಮಿತಿಮೀರದಂತೆ ತಡೆಯುವ ಪ್ರೋಟೀನ್ ಸಿ, ಆಂಟಿಥ್ರಾಂಬಿನ್ ಮುಂತಾದವುಗಳ ಮೂಲವೂ ಅದೇ. ಆದಕಾರಣ ದಾನಿಯ ದೋಷವು ಇಬ್ಬರನ್ನೂ ಬಾಧಿಸಬಲ್ಲದು. ಶಸ್ತ್ರಚಿಕಿತ್ಸೆಯ ಬಳಿಕ ದಾನಿಯ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಸಾಗಿದರೆ ಪ್ರಾಣಾಪಾಯ ಒದಗಬಹುದು. ಪಡೆದವರಿಗೆ ಯಕೃತ್ತಿನೊಡನೆ ದೋಷವೂ ಬರಬಹುದು. 1994ರಲ್ಲಿ ನೆದರ್ಲೆಂಡ್ಸಿನ ಲೈಡನ್ ನಗರದ ಸಂಶೋಧಕರು ಗುರುತಿಸಿದ ‘ಫ್ಯಾಕ್ಟರ್ 5 ಲೈಡನ್’ ಇದಕ್ಕೆ ನಿದರ್ಶನ.

ಎಲ್ಲ ದೋಷಗಳೂ ಒಂದೇ ತೆರನಲ್ಲ. ಫ್ಯಾಕ್ಟರ್ 12ರ ಕೊರತೆಯಲ್ಲಿ ಎಪಿಟಿಟಿ ಪರೀಕ್ಷೆಯ ಸಮಯ ದೀರ್ಘವಾದರೂ ಅದರಿಂದ ಅತಿಯಾದ ರಕ್ತಸ್ರಾವವಾಗದು. ಫ್ಯಾಕ್ಟರ್ 7 ಅಥವಾ 11ರ ತೀವ್ರ ಕೊರತೆ ರಕ್ತಸ್ರಾವಕ್ಕೆ ಎಡೆಗೊಡಬಹುದು. ಆದುದರಿಂದ ವರದಿಯ ಒಂದು ಅಂಕಿಯನ್ನು ಕಂಡೊಡನೆ ದಾನಿಯನ್ನು ಕೈಬಿಡದೆ, ರಕ್ತರೋಗ ತಜ್ಞರಿಂದ ಕಾರಣವನ್ನು ತಿಳಿಯಬೇಕು.

ಇಂತಹ ದೋಷಗಳು ವಂಶದಲ್ಲಿ ಹರಿದುಬರಬಹುದು. ಒಬ್ಬರಲ್ಲಿ ಕಂಡರೆ ದಾನಕ್ಕೆ ಮುಂದಾಗುವ ರಕ್ತಸಂಬಂಧಿಗಳನ್ನೂ ಪರೀಕ್ಷಿಸಬೇಕಾಗುತ್ತದೆ. ಕಾಲುಬಾವು, ಹಲ್ಲು ಕೀಳಿಸಿದಾಗ ನಿಲ್ಲದ ರಕ್ತ, ಪದೇ ಪದೇ ಗರ್ಭಪಾತ, ಗರ್ಭನಿರೋಧಕ ಮಾತ್ರೆಯ ಸೇವನೆ, ಇವಾವುದನ್ನೂ ವೈದ್ಯರಿಂದ ಮರೆಮಾಚಬಾರದು. ಅನ್ಯಭಾಷೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಅದನ್ನು ಕನ್ನಡದಲ್ಲಿ ವಿವರಿಸುವಂತೆ ಕೇಳಬೇಕೆಂದು ನಾವು ಪಾಲಕರಲ್ಲಿ ವಿನಂತಿಸುತ್ತೇವೆ. ಮಗುವಿನ ಜೀವದಷ್ಟೇ ದಾನಿಯ ಜೀವವೂ ಅಮೂಲ್ಯ.