ಪಹಣಿಯಲ್ಲಿ ಉಳಿದ ಮಳೆಗಾಲ

ರಾಜರಾಜೇಶ್ವರಿನಗರದಲ್ಲಿ ನಿವೇಶನ ಕೊಳ್ಳಲು ಹೊರಟವರ ಕೈಗೆ ಒಂದಲ್ಲ ಒಂದು ದಿನ ಹಳೆಯ ಪಹಣಿಯ ನಕಲು ಬರುತ್ತದೆ. ಅವರು ನೋಡುವುದು ಸರ್ವೆ ನಂಬರು, ಮಾಲೀಕರ ಹೆಸರು, ‘ಬಿ ಖರಾಬು’ ಇದೆಯೇ ಎಂಬುದಷ್ಟೇ. ಪಕ್ಕದ ಅಂಕಣಗಳಲ್ಲಿ ಖುಷ್ಕಿ, ತರಿ, ಬಾಗಾಯ್ತು ಎಂಬ ಮಾತುಗಳಿರುತ್ತವೆ. ಅವನ್ನು ಯಾರೂ ಓದುವುದಿಲ್ಲ. ಹಲಗೇವಡೇರಹಳ್ಳಿ, ಪಟ್ಟಣಗೆರೆ, ಕೆಂಚೇನಹಳ್ಳಿ, ಚನ್ನಸಂದ್ರಗಳು ಹೊಲಗಳಿಂದ ಸುತ್ತುವರಿದಿದ್ದ ಕಾಲದ ಮಾತುಗಳವು.

ಉರ್ದು ಶಾಲೆಯಲ್ಲೂ ಓದಿದ ನನಗೆ ಈ ಪದಗಳು ಮನೆಯವೇ. ಖುಷ್ಕ್ ಎಂದರೆ ಒಣಗಿದ್ದು, ತರ್ ಎಂದರೆ ಒದ್ದೆ, ಬಾಗ್ ಎಂದರೆ ತೋಟ. ಖರಾಬು ಸಾಗುವಳಿಗೆ ಬಾರದ ನೆಲ. ‘ರೈತ’ ಅರಬ್ಬಿಯ ರಯ್ಯತ್‌ನಿಂದ ಬಂದವನು. ‘ಫಸಲು’ ಇನ್ನೂ ಸ್ವಾರಸ್ಯದ್ದು. ಅರಬ್ಬಿಯಲ್ಲಿ ಫಸ್ಲ್ ಎಂದರೆ ಋತು. ಕನ್ನಡದಲ್ಲಿ ಆ ಋತು ಕೊಟ್ಟ ಬೆಳೆ. 1638ರಲ್ಲಿ ಬೆಂಗಳೂರು ಬಿಜಾಪುರದ ಕೈಸೇರಿತು. ಆಮೇಲೆ ಮೊಗಲರು, ಮರಾಠರು, ಹೈದರ್-ಟಿಪ್ಪುಗಳ ಕಚೇರಿಗಳ ಮೂಲಕ ಇಂಥ ಪದಗಳು ನಮ್ಮ ಕಂದಾಯದ ಕಡತಗಳಲ್ಲಿ ಬೇರೂರಿದವು.

ಆದರೆ ಆಳುವವರಿಗೂ ಒಂದು ತೊಡಕಿತ್ತು. ಹಿಜರಿ ವರ್ಷಕ್ಕೆ ಸುಮಾರು 354 ದಿನ. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. ಕಂದಾಯಕ್ಕೆ ಈ ಲೆಕ್ಕ ಹೊಂದದು. ಬೆಳೆ ಕಣಕ್ಕೆ ಬಾರದೆ ರೈತ ಏನು ಕಟ್ಟಿಯಾನು? ಆದ್ದರಿಂದ ಅಕ್ಬರನ ಕಾಲದಲ್ಲಿ ಸುಗ್ಗಿಗೆ ಹೊಂದುವ ‘ಫಸಲಿ’ ವರ್ಷ ಬಂತು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಬೀದರ್, ಕಲಬುರಗಿ, ರಾಯಚೂರುಗಳಲ್ಲೂ ಅದು ನಡೆಯಿತು. ಟಿಪ್ಪು ಸುಲ್ತಾನ್ 1780ರ ದಶಕದಲ್ಲಿ ಇಲ್ಲಿನ ಚಾಂದ್ರಮಾನ ಪಂಚಾಂಗವನ್ನೇ ಅನುಸರಿಸಿ, ಅಧಿಕ ಮಾಸವನ್ನೂ ಉಳಿಸಿಕೊಂಡು, ತಿಂಗಳುಗಳಿಗೆ ಹೊಸ ಹೆಸರಿಟ್ಟ. ಚೈತ್ರಕ್ಕೆ ಸರಿಯಾದ ಮೊದಲ ತಿಂಗಳು ಅಹಮದಿ.

ಹೊಲದಲ್ಲಿದ್ದವನ ಪಂಚಾಂಗ ಇದಕ್ಕಿಂತ ಸರಳ. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ನಂತರ ಭರಣಿ, ಕೃತ್ತಿಕೆ, ರೋಹಿಣಿ. ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ. ಮೊದಲ ಮಳೆಗಳಿಗೆ ಉಳುಮೆ. ಜುಲೈನ ಪುನರ್ವಸು, ಪುಷ್ಯಕ್ಕೆ ಕೂರಿಗೆ ಹೂಡಿ ರಾಗಿ ಬಿತ್ತನೆ. ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ಒಂದು ಕೈಕೊಟ್ಟರೆ ಇನ್ನೊಂದು ಮನೆ ಕಾಯುತ್ತಿತ್ತು. ಉತ್ತರೆ, ಹಸ್ತ, ಚಿತ್ತೆಗಳು ತೆನೆಗೆ ಕಾಳು ತುಂಬಬೇಕು. ಆಮೇಲೆ ಕೊಯ್ಲು, ಮೆದೆ, ಕಣ. ಉಳಿದ ರಾಗಿ ಹಗೇವಿಗೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಇಲ್ಲಿನ ರಾಗಿ ಬೇಸಾಯವನ್ನು ವಿವರವಾಗಿ ಬರೆದಿಟ್ಟಿದ್ದಾನೆ.

ಸಾಬರ ಹೊಲಕ್ಕೂ ಇದೇ ಲೆಕ್ಕ. ರೋಜಾ ಆರಂಭಿಸಲು ಚಂದ್ರನನ್ನು ಹುಡುಕುತ್ತಿದ್ದ ನಮ್ಮ ದಾದಾ, ಬಿತ್ತಲು ಪುನರ್ವಸು ಮಳೆಗೆ ಕಾಯುತ್ತಿದ್ದರು. ಪಕ್ಕದ ಹೊಲದ ಗೌಡರು ಪೂಜೆ ಮಾಡಿ ಕೂರಿಗೆ ಕಟ್ಟಿದರೆ ಇವರು ಬಿಸ್ಮಿಲ್ಲಾ ಎಂದು ಕಟ್ಟುತ್ತಿದ್ದರು. ಗೌಡರು ಫಸಲು ಎನ್ನುವಾಗಲಾಗಲಿ, ದಾದಾ ಆರಿದ್ರೆ ಮಳೆ ಎನ್ನುವಾಗಲಾಗಲಿ, ಅದು ಯಾರ ಮಾತೆಂದು ಯಾರೂ ಕೇಳಲಿಲ್ಲ. ಇಂದು ಪದಗಳಿಗೂ ಜಾತಿ ಹುಡುಕುವವರನ್ನು ಕಂಡಾಗ ಆ ಎರಡು ಹೊಲಗಳ ನಡುವಿನ ಬದು ನೆನಪಾಗುತ್ತದೆ.

ರಾಜರಾಜೇಶ್ವರಿನಗರ 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿತು. 2021ರಲ್ಲಿ ಮೆಟ್ರೊ ಬಂತು. ಪಟ್ಟಣಗೆರೆ ಈಗ ನಿಲ್ದಾಣವೊಂದರ ಹೆಸರೂ ಹೌದು. ವೃಷಭಾವತಿ ಊರಿನ ಕೊಳಚೆ ಹೊತ್ತು ಬೈರಮಂಗಲದತ್ತ ಹರಿಯುತ್ತದೆ. ‘ಭೂಮಿ’ ಯೋಜನೆಯಲ್ಲಿ ಪಹಣಿ ಗಣಕಯಂತ್ರಕ್ಕೆ ಹೋದಾಗ ಖುಷ್ಕಿ, ತರಿಗಳೂ ಜೊತೆಗೆ ಹೋದವು. ಮಳೆಗಳ ಹೆಸರಿಗೆ ಅಲ್ಲಿ ಅಂಕಣವಿಲ್ಲ. ಅವು ಹಿರಿಯರ ಬಾಯಲ್ಲಿ ಮಾತ್ರ ಇವೆ. ಈ ಬಡಾವಣೆಗಳ ಹಳೆಯ ಬೀದಿಗಳಲ್ಲಿ, ಕೂರಿಗೆ ಹಿಡಿದ ಕೈಗಳು ಇನ್ನೂ ಕೆಲವಿವೆ. ಮುಂದಿನ ಮಳೆ ಸುರಿದಾಗ, ಇದು ಯಾವ ಮಳೆ ಎಂದು ಅವರನ್ನೊಮ್ಮೆ ಕೇಳಿ, ಮಕ್ಕಳ ಕೈಯಲ್ಲಿ ಬರೆಸಿಡೋಣ.