ಚಕ್ರವರ್ತಿ ಜೂಲಿಯನ್ನನ ಧರ್ಮಛತ್ರಗಳು

ಪೇಗನ್ ಎಂಬ ಲ್ಯಾಟಿನ್ ಮಾತಿಗೆ ಮೂಲದಲ್ಲಿ ಹಳ್ಳಿಯವನು ಎಂದು ಅರ್ಥ. ಸಿಪಾಯಿಯಲ್ಲದ ಸಾಮಾನ್ಯ ಪ್ರಜೆ ಎಂಬ ಅರ್ಥವೂ ಉಂಟು. ರೋಮನ್ ಚಕ್ರಾಧಿಪತ್ಯದಲ್ಲಿ ಕ್ರೈಸ್ತಮತ ಬಲವಾಗಿ ಬೇರೂರಿದ ಮೇಲೆ, ಹಳೆಯ ದೇವರುಗಳನ್ನು ಬಿಡದೆ ಪೂಜಿಸುತ್ತಿದ್ದವರಿಗೆಲ್ಲ ಈ ಹೆಸರು ಅಂಟಿಕೊಂಡಿತು. ಹೆಸರಿಟ್ಟವರು ಎದುರು ಪಕ್ಷದವರು. ಆದ್ದರಿಂದ ಅದರಲ್ಲಿ ಸ್ವಲ್ಪ ತಾತ್ಸಾರವಿದ್ದರೆ ಆಶ್ಚರ್ಯವಿಲ್ಲ. ಈ ಪೇಗನ್ ಜನಕ್ಕೆ ಒಂದು ಚರ್ಚು ಕಟ್ಟಿಕೊಡಬೇಕು, ಆ ಚರ್ಚು ಹಸಿದವರಿಗೆ ಅನ್ನವನ್ನೂ ದಾರಿಹೋಕರಿಗೆ ಆಶ್ರಯವನ್ನೂ ಕೊಡುವಂತಿರಬೇಕು ಎಂದು ಹಂಬಲಿಸಿದ ಚಕ್ರವರ್ತಿಯೊಬ್ಬನಿದ್ದನು. ಕ್ರಿ.ಶ. 361ರಿಂದ 363ರವರೆಗೆ ಆಳಿದ ಜೂಲಿಯನ್. ಇಡೀ ಸಾಮ್ರಾಜ್ಯಕ್ಕೆ ಅವನು ಒಬ್ಬನೇ ಒಡೆಯನಾಗಿದ್ದದ್ದು ಇಪ್ಪತ್ತು ತಿಂಗಳೂ ತುಂಬಲಿಲ್ಲ. ಚರಿತ್ರೆಯ ಪುಸ್ತಕಗಳು ಅವನನ್ನು ಮತಭ್ರಷ್ಟ ಜೂಲಿಯನ್ ಎಂದು ಕರೆಯುತ್ತವೆ. ಈ ಹೆಸರೂ ಎದುರು ಪಕ್ಷದವರದೇ.

ಅವನು ಹುಟ್ಟಿದ್ದು ಕ್ರೈಸ್ತ ಮನೆತನದಲ್ಲಿ. ಕ್ರೈಸ್ತಮತಕ್ಕೆ ರಾಜಾಶ್ರಯ ಕೊಟ್ಟ ಕಾನ್‌ಸ್ಟಂಟೈನನು ಅವನ ದೊಡ್ಡಪ್ಪ. 337ರಲ್ಲಿ ದೊಡ್ಡಪ್ಪ ತೀರಿಕೊಂಡ ಕೂಡಲೆ ಸೈನಿಕರು ರಾಜಕುಟುಂಬದ ಗಂಡಸರನ್ನು ಕೊಚ್ಚಿಹಾಕಿದರು. ಜೂಲಿಯನ್ನನ ತಂದೆಯೂ ಅದರಲ್ಲಿ ಸತ್ತನು. ಐದಾರು ವರ್ಷದ ಮಗುವಾಗಿದ್ದ ಜೂಲಿಯನ್ನನೂ ಅವನ ಮಲ ಅಣ್ಣ ಗ್ಯಾಲಸನೂ ಮಾತ್ರ ಉಳಿದರು. ಆ ಕೊಲೆಗಳಿಂದ ಲಾಭ ಪಡೆದವನು ದೊಡ್ಡಪ್ಪನ ಮಗ ಕಾನ್‌ಸ್ಟಾಂಶಿಯಸ್. ಅವನು ಪರಮ ಕ್ರೈಸ್ತ. ಹುಡುಗನಿಗೆ ಬೈಬಲ್ಲಿನ ಪಾಠವೂ ಆಯಿತು, ಚರ್ಚಿನಲ್ಲಿ ಓದುವ ಕೆಲಸವೂ ಆಯಿತು. ಆದರೆ ಅವನ ಮನಸ್ಸನ್ನು ಸೆರೆಹಿಡಿದದ್ದು ಮಾರ್ಡೋನಿಯಸ್ ಎಂಬ ಮುದುಕ ಮೇಷ್ಟರು ಕಲಿಸಿದ ಹೋಮರ್. ಇಪ್ಪತ್ತನೆಯ ವಯಸ್ಸಿಗೆ ಅವನು ಗುಟ್ಟಾಗಿ ಹಳೆಯ ದೇವರುಗಳಿಗೆ ಒಲಿದಿದ್ದನು. ಹತ್ತು ವರ್ಷ ಆ ಗುಟ್ಟನ್ನು ಕಾಪಾಡಿಕೊಂಡನು.

ಆ ಗುಟ್ಟಿನ ದಿನಗಳ ಒಂದು ಸಂಗತಿಯನ್ನು ಅವನೇ ಒಂದು ಪತ್ರದಲ್ಲಿ ಬರೆದಿದ್ದಾನೆ. 354ರಲ್ಲಿ ಅವನು ಇಲಿಯಮ್ಮಿಗೆ, ಎಂದರೆ ಹಳೆಯ ಟ್ರಾಯ್ ಪಟ್ಟಣಕ್ಕೆ, ಹೋದನು. ಊರು ತೋರಿಸಲು ಬಂದವನು ಅಲ್ಲಿನ ಬಿಷಪ್, ಪೆಗಾಸಿಯಸ್ ಎಂಬುವನು. ಹೆಕ್ಟರನ ಗುಡಿಗೆ ಹೋದರೆ ಅಲ್ಲಿನ ಬಲಿಪೀಠಗಳಲ್ಲಿ ಕೆಂಡ ಇನ್ನೂ ಆರಿರಲಿಲ್ಲ. ವಿಗ್ರಹಕ್ಕೆ ಎಣ್ಣೆ ಹಚ್ಚಿ ಥಳಥಳಿಸುವಂತೆ ಮಾಡಿದ್ದರು. ಇದೇನು, ಇಲ್ಲಿಯ ಜನ ಇನ್ನೂ ಬಲಿ ಕೊಡುತ್ತಾರೆಯೆ ಎಂದು ಜೂಲಿಯನ್ ಮೆಲ್ಲಗೆ ಕೆಣಕಿದನು. ನಾವು ನಮ್ಮ ಹುತಾತ್ಮರನ್ನು ಗೌರವಿಸುವ ಹಾಗೆ ಇವರು ತಮ್ಮ ಊರಿನ ಒಬ್ಬ ಒಳ್ಳೆಯ ಮನುಷ್ಯನನ್ನು ಗೌರವಿಸಿದರೆ ತಪ್ಪೇನು ಎಂಬ ಅರ್ಥದಲ್ಲಿ ಬಿಷಪ್ಪನು ಉತ್ತರ ಕೊಟ್ಟನು. ಅನಂತರ ಅಥೀನಾ ದೇವಿಯ ಗುಡಿಯ ಬೀಗ ತೆಗೆದು ವಿಗ್ರಹಗಳನ್ನೆಲ್ಲ ತೋರಿಸಿದನು, ಒಂದೂ ಮುಕ್ಕಾಗಿರಲಿಲ್ಲ. ಹಣೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳಲಿಲ್ಲ, ಬಾಯಲ್ಲಿ ಛೀ ಎನ್ನಲಿಲ್ಲ. ಗುಡಿಗಳನ್ನು ಕೆಡವುವ ಕಾಲದಲ್ಲಿ ಬೀಗದ ಕೈ ಇಟ್ಟುಕೊಂಡು ಗುಡಿಯನ್ನು ಉಳಿಸಿದ ಬಿಷಪ್ಪನು ಅವನು. ಜೂಲಿಯನ್ ಪಟ್ಟಕ್ಕೆ ಬಂದ ಮೇಲೆ ಅವನನ್ನು ಪೂಜಾರಿಯಾಗಿ ನೇಮಿಸಿದನು; ಅದಕ್ಕೆ ಆಕ್ಷೇಪಣೆಗಳು ಬಂದಾಗ ಸಮಾಧಾನ ಹೇಳಲು ಬರೆದದ್ದೇ ಈ ಪತ್ರ. ಎರಡು ಮತಗಳ ನಡುವೆ ಇಂಥ ಜನ ಎಷ್ಟು ಮಂದಿ ಇದ್ದಿರಬೇಕೊ!

361ರ ನವೆಂಬರಿನಲ್ಲಿ ಕಾನ್‌ಸ್ಟಾಂಶಿಯಸ್ ಸತ್ತನು. ಡಿಸೆಂಬರಿನಲ್ಲಿ ಜೂಲಿಯನ್ ರಾಜಧಾನಿಯನ್ನು ಹೊಕ್ಕನು. ಗುಡಿಗಳ ಬಾಗಿಲು ತೆರೆಯುವಂತೆ ಆಜ್ಞೆಯಾಯಿತು. ದೇಶಭ್ರಷ್ಟರಾಗಿದ್ದ ಕ್ರೈಸ್ತ ಬಿಷಪ್ಪರೂ ಹಿಂದಿರುಗಬಹುದೆಂದಾಯಿತು. ಅವರು ಬಂದು ತಮ್ಮತಮ್ಮೊಳಗೆ ಜಗಳವಾಡಲಿ ಎಂಬುದೇ ಒಳಗಿನ ಉದ್ದೇಶವೆಂದು ಅಮ್ಮಿಯಾನಸ್ ಹೇಳುತ್ತಾನೆ. ಅವನು ಜೂಲಿಯನ್ನನ ಸೈನ್ಯದಲ್ಲಿದ್ದ ಚರಿತ್ರಕಾರ, ತಾನೂ ಹಳೆಯ ದೇವರುಗಳ ಕಡೆಯವನು. ಉದ್ದೇಶ ಹೇಗೇ ಇರಲಿ, ಹೊಸ ದೊರೆಯ ಕೀರ್ತಿ ದೂರದೂರಕ್ಕೆ ಹರಡಿತು. ನಮ್ಮ ದೇಶದಿಂದಲೂ, ಸಿಂಹಳದವರೆಗಿನ ನಾಡುಗಳಿಂದಲೂ ರಾಯಭಾರಿಗಳು ಕಾಣಿಕೆ ಹೊತ್ತು ಬಂದರೆಂದು ಅದೇ ಅಮ್ಮಿಯಾನಸ್ ಬರೆದಿಟ್ಟಿದ್ದಾನೆ.

ಗುಡಿಯ ಬಾಗಿಲು ತೆರೆಯುವುದು ಸುಲಭ; ಒಳಗೆ ಜನರನ್ನು ಕೂಡಿಸುವುದು ಕಷ್ಟ. ಹಳೆಯ ಗ್ರೀಕ್ ಧರ್ಮದಲ್ಲಿ ಚರ್ಚು ಎಂಬುದೇ ಇರಲಿಲ್ಲ. ಗುಡಿಗಳಿದ್ದುವು, ಉತ್ಸವಗಳಿದ್ದುವು, ಒಂದೊಂದು ಊರಿಗೆ ಒಂದೊಂದು ಕಥೆ ಇತ್ತು. ಪೂಜಾರಿಯ ಪದವಿ ಬಹುಮಟ್ಟಿಗೆ ಊರಿನ ದೊಡ್ಡ ಮನೆತನಗಳ ಮರ್ಯಾದೆ. ಹಬ್ಬದ ದಿನ ಮುಂದೆ ನಿಂತು ಬಲಿ ಕೊಟ್ಟು, ಉಳಿದ ದಿನ ತಮ್ಮ ವ್ಯವಹಾರ ನೋಡಿಕೊಳ್ಳುತ್ತಿದ್ದರು. ಧನಿಕರು ಊರಿಗೆ ಸ್ನಾನಗೃಹ ಕಟ್ಟಿಸುತ್ತಿದ್ದರು, ಆಟಗಳನ್ನು ಏರ್ಪಡಿಸುತ್ತಿದ್ದರು, ಎಣ್ಣೆ ಹಂಚುತ್ತಿದ್ದರು. ಆದರೆ ಆ ಕೊಡುಗೆ ಊರಿನ ಪೌರರಿಗೆ. ಹಸಿದವನು ಹಸಿದಿದ್ದಾನೆ ಎಂಬ ಒಂದೇ ಕಾರಣಕ್ಕೆ ಅವನಿಗೆ ಇಕ್ಕುವುದು ಪೂಜಾರಿಯ ಕೆಲಸವೆಂದು ಯಾರೂ ಎಣಿಸಿರಲಿಲ್ಲ. ಇತ್ತ ಕ್ರೈಸ್ತರು ಅದನ್ನು ಒಂದು ವ್ಯವಸ್ಥೆಯಾಗಿ ನಡೆಸಿಕೊಂಡು ಬಂದಿದ್ದರು. ಅವರಿಗೆ ಕಿರುಕುಳವಿದ್ದ ಕಾಲದಲ್ಲಿಯೇ, 251ರ ಸುಮಾರಿಗೆ, ರೋಮಿನ ಚರ್ಚೊಂದೇ 1,500ಕ್ಕೂ ಹೆಚ್ಚು ವಿಧವೆಯರನ್ನೂ ದಿಕ್ಕಿಲ್ಲದವರನ್ನೂ ಸಾಕುತ್ತಿತ್ತು.

ಜೂಲಿಯನ್ನನು ಇದನ್ನು ಕಣ್ಣಾರೆ ಕಂಡು ಬೆಳೆದವನು. 362ರಲ್ಲಿ ಗಲಾಶಿಯ ಪ್ರಾಂತದ ಪ್ರಧಾನ ಪೂಜಾರಿ ಆರ್ಸೇಶಿಯಸನಿಗೆ ಅವನು ಬರೆದ ಪತ್ರ ಪ್ರಸಿದ್ಧವಾದದ್ದು. ನಮ್ಮ ಧರ್ಮ ನಾವೆಣಿಸಿದಂತೆ ಏಳಿಗೆಗೆ ಬರಲಿಲ್ಲ, ತಪ್ಪು ನಮ್ಮದೇ, ಎಂದು ಅವನು ಮೊದಲಿಗೇ ಒಪ್ಪಿಕೊಳ್ಳುತ್ತಾನೆ. ಪರಸ್ಥಳದವರ ಮೇಲಿನ ದಯೆ, ಸತ್ತವರ ಸಂಸ್ಕಾರದಲ್ಲಿ ಶ್ರದ್ಧೆ, ನಡತೆಯ ಬಿಗಿ, ಇವು ಮೂರರಿಂದ ಆ ಗೆಲಿಲಿಯದವರು ಬೆಳೆದರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹೀಗೆಯೇ), ಯೆಹೂದ್ಯರಲ್ಲಿ ಭಿಕ್ಷೆ ಬೇಡುವವನಿಲ್ಲ, ಕ್ರೈಸ್ತರು ತಮ್ಮ ಬಡವರನ್ನಲ್ಲದೆ ನಮ್ಮವರನ್ನೂ ಸಾಕುತ್ತಿದ್ದಾರೆ, ನಮಗೆ ನಾಚಿಕೆಯಾಗಬೇಡವೆ? ಇದು ಅವನ ಮಾತಿನ ಸಾರಾಂಶ. ಅನಂತರ ಲೆಕ್ಕ ಬರುತ್ತದೆ. ಊರೂರಿಗೆ ಧರ್ಮಛತ್ರಗಳನ್ನು ಕಟ್ಟಿಸಬೇಕು. ಅಲ್ಲಿ ಇಳಿದುಕೊಳ್ಳುವವರು ನಮ್ಮವರೇ ಆಗಬೇಕೆಂದಿಲ್ಲ, ಕೈಬರಿದಾದ ಯಾರೇ ಆಗಬಹುದು. ಗಲಾಶಿಯ ಒಂದಕ್ಕೇ ವರ್ಷಕ್ಕೆ 30,000 ಮೋಡಿಯಸ್ ಗೋಧಿ, 60,000 ಸೆಕ್ಸ್‌ಟೇರಿಯಸ್ ದ್ರಾಕ್ಷಾರಸ ಮಂಜೂರಾಯಿತು. ನಮ್ಮ ಅಳತೆಯಲ್ಲಿ ಸುಮಾರು 200 ಟನ್ ಗೋಧಿ, 32,000 ಲೀಟರಿನಷ್ಟು ರಸ. ಐದರಲ್ಲೊಂದು ಪಾಲು ಪೂಜಾರಿಗಳ ಸೇವೆಯಲ್ಲಿರುವ ಬಡವರಿಗೆ. ಉಳಿದದ್ದೆಲ್ಲ ಪರಸ್ಥಳದವರಿಗೂ ಭಿಕ್ಷುಕರಿಗೂ. ಸರ್ಕಾರದ ಉಗ್ರಾಣದಿಂದ ಬಂದರೆ ಸಾಲದು, ಹಳ್ಳಿಗಳವರೂ ತಮ್ಮ ಬೆಳೆಯ ಮೊದಲ ಫಲವನ್ನು ಕೊಡುವುದನ್ನು ಕಲಿಯಬೇಕು. ಇದೇನೂ ಕ್ರೈಸ್ತರಿಂದ ಕಲಿಯಬೇಕಾದದ್ದಲ್ಲ, ಹೋಮರನ ಕಾವ್ಯದಲ್ಲಿ ಹಂದಿ ಕಾಯುವ ಯೂಮೇಯಸನು ಗುರುತಿಲ್ಲದ ತಿರುಕನಿಗೆ ಇಕ್ಕಿದ್ದಾನಲ್ಲ, ಎಂದು ಅವನು ಜ್ಞಾಪಿಸುತ್ತಾನೆ. ವಾದ ಜಾಣತನದ್ದು. ಅದು ಕೇವಲ ಜಾಣತನವೆಂದೂ ನನಗೆ ತೋರುವುದಿಲ್ಲ. ಹೋಮರನನ್ನು ಮೇಷ್ಟರ ಬಾಯಿಂದ ಕೇಳಿದ ತಬ್ಬಲಿ ಹುಡುಗನಿಗೆ ಆ ಹಂದಿಕಾಯುವವನು ನಿಜವಾಗಿಯೂ ಬಂಧುವಾಗಿದ್ದಿರಬೇಕು.

ಈ ಪತ್ರ ಉಳಿದು ಬಂದದ್ದು ಐದನೆಯ ಶತಮಾನದ ಸೊಜೊಮೆನ್ ಎಂಬ ಕ್ರೈಸ್ತ ಚರಿತ್ರಕಾರನ ಗ್ರಂಥದಲ್ಲಿ. ಇದು ಅವನದೇ ಹೌದೆ ಎಂಬ ಸಂದೇಹವನ್ನು ಇತ್ತೀಚೆಗೆ ಎತ್ತಿದವರೂ ಉಂಟು. ಆದರೆ ಇನ್ನೊಬ್ಬ ಪೂಜಾರಿಗೆ ಜೂಲಿಯನ್ ಬರೆದ ದೀರ್ಘ ಪತ್ರದ ಒಂದು ಭಾಗ ಬೇರೆಯಾಗಿ ಉಳಿದಿದೆ. ಅದರಲ್ಲಿಯೂ ಕಾಣುವುದು ಇದೇ ಮನಸ್ಸು. ನನಗೆ ಕೇಳಿದರೆ ಅದೇ ಹೆಚ್ಚು ಬೆಲೆಯುಳ್ಳದ್ದು. ಅಲ್ಲಿ ಅವನು ಹೇಳುವುದು ಇಷ್ಟು: ದಾನ ಕೊಡುವಾಗ ಪಾತ್ರ ಅಪಾತ್ರವೆಂದು ನೋಡಬೇಡಿ, ಕೆಟ್ಟವನಿಗೂ, ಶತ್ರುವಿಗೂ ಅನ್ನಬಟ್ಟೆ ಕೊಡಿ, ಏಕೆಂದರೆ ನಾವು ಕೊಡುವುದು ಅವನ ಗುಣಕ್ಕಲ್ಲ, ಅವನ ಮನುಷ್ಯತ್ವಕ್ಕೆ, ಸೆರೆಮನೆಯಲ್ಲಿರುವವರನ್ನೂ ಮರೆಯಬೇಡಿ. ತಾನು ಬಡವನಿಗೆ ಕೊಟ್ಟದ್ದೆಲ್ಲ ದೇವರುಗಳಿಂದ ಹಲವು ಪಾಲಾಗಿ ಹಿಂದಕ್ಕೆ ಬಂದಿದೆ ಎಂದೂ ಅನ್ನುತ್ತಾನೆ. ಈ ಗುಣಕ್ಕೆ ಗ್ರೀಕರ ಹೆಸರು ಫಿಲಾಂತ್ರೋಪಿಯಾ, ಮಾನವಪ್ರೇಮ. ಜನರು ಬಡವರಾಗಿರುವುದು ದೇವರುಗಳ ತಪ್ಪಲ್ಲ, ಉಳ್ಳವರ ದುರಾಸೆಯ ಫಲ ಎಂಬ ಮಾತನ್ನು ಸಿಂಹಾಸನದ ಮೇಲೆ ಕುಳಿತವನೊಬ್ಬನು ಆಡಿದ್ದಾನೆ. ಪೂಜಾರಿಗಳನ್ನು ಆರಿಸುವಾಗ ದೈವಭಕ್ತಿ, ಮಾನವಪ್ರೇಮ ಇವೆರಡೇ ಯೋಗ್ಯತೆ. ಅವನು ಬಡವನೋ ಶ್ರೀಮಂತನೋ, ಹೆಸರು ಕೇಳಿದವನೋ ಕೇಳದವನೋ ಎಂದು ನೋಡಬೇಕಾಗಿಲ್ಲ.

ಅಷ್ಟರಿಂದ ಅವನಿಗೆ ತೃಪ್ತಿಯಾಗಲಿಲ್ಲ. ಪೂಜಾರಿ ನಾಟಕಕ್ಕೆ ಹೋಗಕೂಡದು, ಹೆಂಡದಂಗಡಿ ಹೊಗಕೂಡದು, ಶೃಂಗಾರದ ಕಥೆಗಳನ್ನೂ ಹಾಸ್ಯನಾಟಕಗಳನ್ನೂ ಓದಕೂಡದು. ಪೈಥಾಗೊರಸ್, ಪ್ಲೇಟೊ, ಅರಿಸ್ಟಾಟಲ್ ಓದಬೇಕು. ಪೂಜಾರಿಯ ಹೆಂಡತಿ ಮಕ್ಕಳು ಆಳುಗಳೂ ದೇವರಿಗೆ ನಡೆದುಕೊಳ್ಳಬೇಕು, ಇಲ್ಲದಿದ್ದರೆ ಅವನನ್ನು ಆ ಪದವಿಯಿಂದ ತೆಗೆಯಬೇಕು. ಗುಡಿಯ ಹೊಸಲು ದಾಟಿದ ಮೇಲೆ ಪ್ರಾಂತಾಧಿಕಾರಿಯೂ ಸಾಮಾನ್ಯ ಭಕ್ತನೇ. ಅವನ ಮುಂದೆ ಸಿಪಾಯಿ ನಡೆಯಕೂಡದು. ಕೊನೆಯ ನಿಯಮ ಬಹು ಸೊಗಸಾದದ್ದು. ಮೊದಲಿನವು ನೆರೆಮನೆಯ ದೀಪದಿಂದ ಹಚ್ಚಿಕೊಂಡವು ಎಂದು ಹಗೆಗಳೂ ಹೇಳಿದರು, ಸ್ನೇಹಿತರೂ ಮನಸ್ಸಿನಲ್ಲಿ ಅಂದುಕೊಂಡಿರಬೇಕು. ಹಿಂದೆ ಮ್ಯಾಕ್ಸಿಮಿನಸ್ ಎಂಬ ದೊರೆಯೂ ಊರೂರಿಗೆ ಪೂಜಾರಿ, ಪ್ರಾಂತಕ್ಕೊಬ್ಬ ಪ್ರಧಾನ ಪೂಜಾರಿ ಎಂದು 311ರ ಮೇಲೆ ನೇಮಿಸಿದ್ದುಂಟು. ಆದರೆ ಅವನ ಯೋಚನೆಯಿದ್ದದ್ದು ಕ್ರೈಸ್ತರನ್ನು ಹಿಡಿಯುವುದರಲ್ಲಿ, ಹಸಿದವರಿಗೆ ಇಕ್ಕುವುದರಲ್ಲಲ್ಲ.

ಇಷ್ಟು ವಿಶಾಲವಾದ ಮನಸ್ಸು ಆಚರಣೆಯಲ್ಲಿ ಎಷ್ಟು ದೂರ ನಡೆಯಿತು? ಬಾಸ್ಟ್ರ ನಗರದವರಿಗೆ 362ರ ಆಗಸ್ಟಿನಲ್ಲಿ ಬರೆಯುತ್ತ, ಜನರನ್ನು ಒಲಿಸಬೇಕಾದದ್ದು ವಿಚಾರದಿಂದ, ಏಟಿನಿಂದಲ್ಲ. ದಾರಿ ತಪ್ಪಿದವರನ್ನು ಕಂಡರೆ ಕರುಣೆ ಬೇಕು, ದ್ವೇಷವಲ್ಲ ಎಂದು ಹೇಳಿದವನು ಅವನೇ. ಆದರೆ ಅಲೆಕ್ಸಾಂಡ್ರಿಯದಲ್ಲಿ ಗುಂಪು ಸೇರಿ ಬಿಷಪ್ ಜಾರ್ಜನನ್ನು ಕೊಂದಾಗ ಊರಿನವರಿಗೆ ಒಂದು ಬೈಗುಳದ ಪತ್ರ ಹೋಯಿತೇ ಹೊರತು ಶಿಕ್ಷೆಯಾಗಲಿಲ್ಲ. ಸತ್ತವನ ಪುಸ್ತಕ ಭಂಡಾರವನ್ನು ಜೋಪಾನವಾಗಿ ಕಳುಹಿಸಿಕೊಡಿ ಎಂಬ ಪತ್ರ ಮಾತ್ರ ತಪ್ಪದೆ ಹೋಯಿತು. ಪೆಸಿನಸ್ ನಗರಕ್ಕೆ ನೆರವು ಬೇಕಾದರೆ ಅಲ್ಲಿಯವರು ಮೊದಲು ದೇವಮಾತೆಗೆ ಶರಣಾಗಲಿ ಎಂಬ ಮಾತೂ, ದಾನಕ್ಕೆ ಭೇದವಿಲ್ಲವೆನ್ನುವ ಆರ್ಸೇಶಿಯಸನ ಪತ್ರದಲ್ಲಿಯೇ ಇದೆ. ಎಲ್ಲಕ್ಕಿಂತ ನೋವು ಕೊಟ್ಟದ್ದು ಶಾಲೆಗಳ ಆಜ್ಞೆ. ಹೋಮರನ ದೇವರುಗಳನ್ನು ನಂಬದವರು ಹೋಮರನನ್ನು ಕಲಿಸಕೂಡದು. ಅವರು ತಮ್ಮ ಚರ್ಚುಗಳಿಗೆ ಹೋಗಿ ಮತ್ತಾಯ ಲೂಕರನ್ನು ವ್ಯಾಖ್ಯಾನ ಮಾಡಿಕೊಳ್ಳಲಿ! ರೋಮಿನಲ್ಲಿ ವಿಕ್ಟೊರೈನಸ್ ಪಾಠ ನಿಲ್ಲಿಸಿದನು. ಅಥೆನ್ಸಿನ ವೃದ್ಧ ಗುರು ಪ್ರೊಹೇರೇಸಿಯಸನಿಗೆ ದೊರೆ ವಿನಾಯಿತಿ ಕೊಟ್ಟರೂ ಆತನು ಅದನ್ನು ಒಲ್ಲದೆ ಪೀಠ ಬಿಟ್ಟನು. ಜೂಲಿಯನ್ನನನ್ನು ಅಷ್ಟು ಮೆಚ್ಚುವ ಅಮ್ಮಿಯಾನಸನು ಕೂಡ, ಈ ಆಜ್ಞೆಯ ಮಾತೇ ಎತ್ತಬಾರದು, ಅದು ಹೂತುಹೋಗಲಿ ಎನ್ನುತ್ತಾನೆ.

362ರ ಬೇಸಗೆಯಲ್ಲಿ ದೊರೆ ಸಿರಿಯದ ಅಂತಿಯೋಕಿಗೆ ಬಂದನು. ಪಕ್ಕದ ಡಾಫ್ನೆಯಲ್ಲಿ ಅಪೊಲೊ ದೇವರ ವಾರ್ಷಿಕೋತ್ಸವ. ಎತ್ತುಗಳು, ಧೂಪ, ಬಿಳಿಯುಟ್ಟ ಹುಡುಗರ ಮೇಳ, ಎಲ್ಲವನ್ನೂ ಕಲ್ಪಿಸಿಕೊಂಡು ಆತುರದಿಂದ ಹೋದರೆ ಗುಡಿ ಬಿಕೋ ಎನ್ನುತ್ತಿತ್ತು. ಊರಿನವರು ಏನು ಕೊಟ್ಟಿದ್ದಾರೆ ಎಂದು ಕೇಳಿದನು. ಊರಿನವರು ಏನೂ ಕೊಟ್ಟಿಲ್ಲ, ನಾನೇ ಮನೆಯಿಂದ ಒಂದು ಬಾತುಕೋಳಿ ತಂದಿದ್ದೇನೆ ಎಂದನು ಪೂಜಾರಿ. ಈ ಕಥೆಯನ್ನು ಹೇಳಿದವನೂ ಜೂಲಿಯನ್ನನೇ, ತನ್ನ ಗಡ್ಡವನ್ನು ತಾನೇ ಹಾಸ್ಯಮಾಡಿಕೊಂಡು ಅಂತಿಯೋಕಿನವರನ್ನು ಕುಟುಕಲು ಬರೆದ ಪುಸ್ತಕದಲ್ಲಿ. ನಿಮ್ಮ ಹೆಂಗಸರು ಮನೆಯಲ್ಲಿದ್ದುದನ್ನೆಲ್ಲ ಹೊತ್ತು ಗೆಲಿಲಿಯದವರಿಗೆ ಕೊಟ್ಟು ಅವರ ಬಡವರಿಗೆ ಇಕ್ಕಿಸುತ್ತಾರೆ, ದೇವರಿಗೆ ಮಾತ್ರ ಏನೂ ಇಲ್ಲ ಎಂದು ಅಲ್ಲಿಯೇ ದೂರುತ್ತಾನೆ. ಆ ವರ್ಷ ಬರಗಾಲ ಬೇರೆ. ಅವನು ನೆರೆಯ ಪಟ್ಟಣಗಳಿಂದ 400,000 ಅಳತೆ ಧಾನ್ಯ ತರಿಸಿ ಬೆಲೆ ಗೊತ್ತುಮಾಡಿದನು. ವರ್ತಕರು ಅದನ್ನೇ ಕೊಂಡು ಬಚ್ಚಿಟ್ಟರು. ಅಕ್ಟೋಬರಿನಲ್ಲಿ ಡಾಫ್ನೆಯ ಗುಡಿ ಸುಟ್ಟುಹೋಯಿತು. ಕೋಪದಿಂದ ಅವನು ಊರಿನ ದೊಡ್ಡ ಚರ್ಚಿಗೆ ಬೀಗ ಹಾಕಿಸಿದನು. ಅವನ ಬಲಿಗಳಂತೂ ಅತಿಯಾದುವು. ಈತ ಪಾರಸಿಕರನ್ನು ಗೆದ್ದು ಬಂದರೆ ನಾಡಿನಲ್ಲಿ ದನಗಳೇ ಉಳಿಯವು ಎಂದು ಜನ ನಗುತ್ತಿದ್ದರು.

ಅವನು ಗೆದ್ದು ಬರಲಿಲ್ಲ. 363ರ ಜೂನ್ 26ರಂದು ಮೆಸಪೊಟೇಮಿಯದಲ್ಲಿ ಈಟಿಯ ಗಾಯದಿಂದ ಸತ್ತನು. ವಯಸ್ಸು ಮೂವತ್ತೊಂದು, ಮೂವತ್ತೆರಡು. ಗಲಾಶಿಯದ ಗೋಧಿಯ ಮಾತು ಅಲ್ಲಿಗೆ ಮುಗಿಯಿತು.

ಧರ್ಮಛತ್ರ ಎದ್ದದ್ದು ಇನ್ನೊಂದು ಕಡೆ. ಜೂಲಿಯನ್ ಅಥೆನ್ಸಿನಲ್ಲಿ ಓದುತ್ತಿದ್ದ ಕಾಲದಲ್ಲಿ ಅಲ್ಲಿಯೇ ಓದುತ್ತಿದ್ದ ಬೆಸಿಲ್ 370ರಲ್ಲಿ ಕಪಡೋಷಿಯದ ಸಿಸೇರಿಯಕ್ಕೆ ಬಿಷಪ್ಪನಾದನು. ಭಾಗ್ಯದೇವತೆಯ ಗುಡಿ ಕೆಡವಿತೆಂದು ಜೂಲಿಯನ್ ನಗರದ ಪದವಿಯನ್ನೇ ಕಿತ್ತುಕೊಂಡಿದ್ದ ಊರು ಅದು. ಅದರ ಹೊರವಲಯದಲ್ಲಿ ಬೆಸಿಲ್ ರೋಗಿಗಳಿಗೆ, ಕುಷ್ಠದವರಿಗೆ, ದಾರಿಹೋಕರಿಗೆ ಮನೆಗಳನ್ನು ಕಟ್ಟಿಸಿದನು. ಜನ ಅದನ್ನು ಹೊಸ ಊರೆಂದೇ ಕರೆಯುವಷ್ಟು ದೊಡ್ಡದಾಯಿತು.

ಜೂಲಿಯನ್ನನ ಪ್ರಧಾನ ಪೂಜಾರಿಗಳಲ್ಲಿ ಒಬ್ಬನ ಕಥೆಯನ್ನು ಹೇಳದೆ ಬಿಡಲು ನನಗೆ ಮನಸ್ಸಿಲ್ಲ. ಸಾರ್ಡಿಸಿನ ಕ್ರಿಸ್ಯಾಂಥಿಯಸ್. ಆಸ್ಥಾನಕ್ಕೆ ಬಾ ಎಂದು ದೊರೆ ಮತ್ತೆ ಮತ್ತೆ ಕರೆದರೂ, ಶಕುನ ಚೆನ್ನಾಗಿಲ್ಲವೆಂದು ಅವನು ಹೋಗಲಿಲ್ಲ. ಕೊನೆಗೆ ಅವನನ್ನೂ ಅವನ ಹೆಂಡತಿ ಮೆಲಿಟೆಯನ್ನೂ ಲಿಡಿಯ ಪ್ರಾಂತದ ಪ್ರಧಾನ ಪೂಜಾರಿಗಳನ್ನಾಗಿ ನೇಮಿಸಲಾಯಿತು. ಉಳಿದ ಕಡೆ ಹೊಸ ಅಧಿಕಾರ ಬಂದವರು ಗುಡಿ ಕಟ್ಟಿಸಲು ಹಗಲಿರುಳು ಹರಿದಾಡುತ್ತಿದ್ದರೆ ಇವನು ಆತುರಪಡಲಿಲ್ಲ, ಕ್ರೈಸ್ತರ ತಂಟೆಗೆ ಹೋಗಲಿಲ್ಲ, ಯಾರನ್ನೂ ನೋಯಿಸಲಿಲ್ಲ. ಮೆಲಿಟೆಯ ಬಂಧುವೂ ಇವನ ಶಿಷ್ಯನೂ ಆದ ಯುನೇಪಿಯಸ್ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಲಿಡಿಯದಲ್ಲಿ ಹಳೆಯ ಪೂಜೆ ಮತ್ತೆ ಶುರುವಾದದ್ದೇ ಬಹಳ ಮಂದಿಗೆ ತಿಳಿಯಲಿಲ್ಲವಂತೆ. 363ರಲ್ಲಿ ಗಾಳಿ ತಿರುಗಿ ಬೇರೆ ಊರುಗಳಲ್ಲಿ ಪೂಜಾರಿಗಳು ತಲೆ ಮರೆಸಿಕೊಳ್ಳಬೇಕಾಗಿ ಬಂದಾಗ ಸಾರ್ಡಿಸಿನಲ್ಲಿ ಯಾವ ಗದ್ದಲವೂ ಆಗಲಿಲ್ಲ. ಕ್ರಿಸ್ಯಾಂಥಿಯಸ್ ಅದೇ ಊರಿನಲ್ಲಿ ಎಲ್ಲರ ಜೊತೆಗೂ ಮಾತಾಡಿಕೊಂಡು, ಕೈಯಲ್ಲಿ ಪುಸ್ತಕ ಹಿಡಿದು, ಎಂಬತ್ತು ವರ್ಷದವರೆಗೆ ಬಾಳಿದನು.